ಮಣ್ಣಲ್ಲಿ ಸಿಕ್ಕ ಸ್ಪೇನ್ ಬೆಳ್ಳಿ ನಾಣ್ಯ: ಹುಟ್ಟಿದ್ದೆಲ್ಲಿ, ಹೂತಿಟ್ಟವರು ಯಾರು?

1840ರ ನವೆಂಬರ್ ತಿಂಗಳ ಕೊನೆ. ಅಮೆರಿಕದ ಈಶಾನ್ಯ ತುದಿಯಲ್ಲಿರುವ ಮೇನ್ ರಾಜ್ಯ. ಕ್ಯಾಸ್ಟೀನ್ ಎಂಬ ಕಡಲ ತೀರದ ಊರಿನಿಂದ ಕೆಲವು ಮೈಲಿ ಒಳಗೆ, ಬ್ಯಾಗಡ್ಯೂಸ್ ನದಿಯ ದಂಡೆಯಲ್ಲಿ ಸ್ಟೀಫನ್ ಗ್ರಿಂಡಲ್ ಎಂಬ ರೈತನೂ ಅವನ ಮಗ ಸ್ಯಾಮ್ಯುಯೆಲ್‌ನೂ ಕಟ್ಟಿಗೆ ಸಾಗಿಸುತ್ತಿದ್ದರು. ಇಳಿಜಾರಿನ ಮಣ್ಣಿನಲ್ಲಿ ಮಗನ ಕಣ್ಣಿಗೆ ಬಿದ್ದದ್ದು ಒಂದು ಹಳೆಯ ಬೆಳ್ಳಿ ನಾಣ್ಯ. ಅಲ್ಲೇ ಕೆದಕಿದರೆ ಇನ್ನಷ್ಟು ಸಿಕ್ಕವು. ಅಷ್ಟರಲ್ಲಿ ಹಿಮ ಬಿತ್ತು, ನೆಲ ಗಟ್ಟಿಯಾಯಿತು. ಅಪ್ಪ ಮಗ ಚಳಿಗಾಲ ಪೂರ್ತಿ ಕಾಯಬೇಕಾಯಿತು. 1841ರ ವಸಂತದಲ್ಲಿ ಮತ್ತೆ ಅಗೆದಾಗ ನೂರಾರು ನಾಣ್ಯಗಳು ಹೊರಬಂದವು.

ಆ ರಾಶಿಯಲ್ಲಿ ಫ್ರಾನ್ಸಿನ ನಾಣ್ಯಗಳಿದ್ದವು, ಸಿಂಹದ ಚಿತ್ರವಿರುವ ಡಚ್ ನಾಣ್ಯಗಳಿದ್ದವು, ಬಾಸ್ಟನ್‌ನಲ್ಲಿ ಅಚ್ಚಾದ ಪೈನ್ ಮರದ ಗುರುತಿನ ಶಿಲ್ಲಿಂಗ್‌ಗಳಿದ್ದವು. ಜೊತೆಗೆ ದಪ್ಪನೆಯ, ಅಂಕುಡೊಂಕಾದ, ಯಾರೋ ಕತ್ತರಿಯಿಂದ ಮನಬಂದಂತೆ ಕತ್ತರಿಸಿದಂತಿದ್ದ ಬೆಳ್ಳಿ ತುಂಡುಗಳು. ಅವು ಸ್ಪೇನ್ ಸಾಮ್ರಾಜ್ಯದ ರಿಯಾಲ್‌ಗಳು. ಮೇನ್ ಎಂದೂ ಸ್ಪೇನಿನ ಕೈಯಲ್ಲಿ ಇರಲಿಲ್ಲ. ಹಾಗಾದರೆ ಈ ಬೆಳ್ಳಿ ಅಲ್ಲಿಗೆ ಬಂದದ್ದು ಹೇಗೆ?

ಇಂಥ ನಾಣ್ಯಗಳು ಜಗತ್ತಿನ ಎಷ್ಟೋ ಕಡೆ ನೆಲದಡಿ ಸಿಕ್ಕಿವೆ. ಚೀನಾದ ಫ್ಯೂಜಿಯಾನ್ ಪ್ರಾಂತ್ಯದ ಕ್ವಾಂಝೌ ಸುತ್ತಮುತ್ತ ಸಿಕ್ಕಿವೆ, ಫಿಲಿಪ್ಪೀನ್ಸ್‌ನಲ್ಲಿ ಸಿಕ್ಕಿವೆ, ಅಮೆರಿಕದ ಹೊಲಗದ್ದೆಗಳಲ್ಲಿ ಸಿಗುತ್ತಲೇ ಇವೆ. ಸಿಕ್ಕ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ "ಇದಕ್ಕೆ ಎಷ್ಟು ಬೆಲೆ?" ಎರಡನೆಯದು "ಇದು ಎಲ್ಲಿಯದು?" ಈ ಎರಡನೇ ಪ್ರಶ್ನೆಯೊಳಗೆ ನಿಜಕ್ಕೂ ಎರಡು ಪ್ರಶ್ನೆಗಳಿವೆ. ನಾಣ್ಯ ಹುಟ್ಟಿದ್ದು ಎಲ್ಲಿ ಎಂಬುದು ಒಂದು. ಅದನ್ನು ಅಲ್ಲಿ ಹೂತವರು ಯಾರು, ಯಾವಾಗ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನಾಣ್ಯವೇ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ನಾಣ್ಯ ಬಾಯಿ ಬಿಡುವುದಿಲ್ಲ. ಅದರ ಸುತ್ತಲಿನ ಮಣ್ಣನ್ನು, ಜೊತೆಯಲ್ಲಿದ್ದ ಇತರ ನಾಣ್ಯಗಳನ್ನು ಕೇಳಬೇಕು.

ಸ್ಪೇನ್ ನಾಣ್ಯ, ಆದರೆ ಸ್ಪೇನಿನದಲ್ಲ

"ಸ್ಪೇನ್ ನಾಣ್ಯ" ಎಂದು ನಾವು ಕರೆಯುವ ಬಹುಪಾಲು ಬೆಳ್ಳಿ ನಾಣ್ಯಗಳು ಸ್ಪೇನ್ ದೇಶವನ್ನು ಕಂಡೇ ಇಲ್ಲ. ಅವು ಹುಟ್ಟಿದ್ದು ಅಟ್ಲಾಂಟಿಕ್‌ನಾಚೆ, ಸ್ಪೇನಿನ ವಸಾಹತುಗಳಲ್ಲಿ. ಮೆಕ್ಸಿಕೋ ನಗರದ ಟಂಕಸಾಲೆ ಸ್ಥಾಪನೆಗೆ ಅಪ್ಪಣೆಯಾದದ್ದು 1535ರಲ್ಲಿ. ಇಂದಿನ ಬೊಲಿವಿಯಾದ ಪೊಟೊಸಿಯಲ್ಲಿ 1545ರಲ್ಲಿ ಬೆಳ್ಳಿಯ ಬೆಟ್ಟವೇ ಪತ್ತೆಯಾಯಿತು. ಮೂವತ್ತು ವರ್ಷದೊಳಗೆ ಅಲ್ಲೂ ಟಂಕಸಾಲೆ ಎದ್ದು ನಿಂತಿತು. ಪೆರುವಿನ ಲಿಮಾದಲ್ಲಿ ಮತ್ತೊಂದು. ಈ ಮೂರು ಊರುಗಳ ಬೆಳ್ಳಿಯೇ ಸುಮಾರು ಮೂರು ಶತಮಾನ ಜಗತ್ತಿನ ವ್ಯಾಪಾರವನ್ನು ನಡೆಸಿತು.

ದೊಡ್ಡ ನಾಣ್ಯದ ಬೆಲೆ ಎಂಟು ರಿಯಾಲ್. ಗಲ್ಫ್ ದೇಶಗಳಲ್ಲಿ ದುಡಿದು ಬಂದವರಿಗೆ ಈ ಹೆಸರು ಹೊಸದಲ್ಲ. ಸೌದಿ, ಒಮಾನ್‌ಗಳ ಇಂದಿನ ರಿಯಾಲ್ ಎಂಬ ಹೆಸರಿನ ಮೂಲವೂ ಈ ಸ್ಪೇನ್ ನಾಣ್ಯವೇ. ಇಂಗ್ಲಿಷರು ಇದನ್ನು ಸ್ಪ್ಯಾನಿಷ್ ಡಾಲರ್ ಎಂದರು. ಅಮೆರಿಕದ ಡಾಲರ್‌ಗೆ ಮಾದರಿಯಾದದ್ದು ಇದೇ. 1857ರವರೆಗೂ ಅಮೆರಿಕದಲ್ಲಿ ಇದು ಕಾನೂನುಬದ್ಧ ಹಣವಾಗಿ ಚಲಾವಣೆಯಲ್ಲಿತ್ತು. ಅಲ್ಲಿನ ಹೊಲಗಳಲ್ಲಿ ಇದು ಸಿಕ್ಕರೆ ಕಡಲ್ಗಳ್ಳರ ಕತೆ ಹೇಳುವವರು ಬಹಳ. ಆದರೆ ಹೆಚ್ಚಿನ ಸಲ ಅದು ಯಾರೋ ರೈತನ ಜೇಬಿನಿಂದ ಬಿದ್ದ ಚಿಲ್ಲರೆ, ಅಷ್ಟೆ.

ಅಂಕುಡೊಂಕಾದ ತುಂಡುಗಳ ಸಂಗತಿಗೆ ಬರೋಣ. ಇವನ್ನು ತಯಾರಿಸುತ್ತಿದ್ದ ಬಗೆ ತೀರಾ ಸರಳ. ಬೆಳ್ಳಿಯನ್ನು ಕರಗಿಸಿ ಪಟ್ಟಿ ಎರಕ ಹೊಯ್ಯುವುದು, ಪಟ್ಟಿಯನ್ನು ಬಿಲ್ಲೆಗಳಾಗಿ ಕತ್ತರಿಸುವುದು, ತಕ್ಕಡಿಗೆ ಹಾಕುವುದು, ತೂಕ ಹೆಚ್ಚಿದ್ದರೆ ಅಂಚನ್ನು ಕತ್ತರಿಸಿ ಸರಿದೂಗಿಸುವುದು. ಆಮೇಲೆ ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯ ಏಟು. ಆಕಾರ ಹೇಗಾದರೂ ಇರಲಿ, ತೂಕ ಸರಿಯಿದ್ದರೆ ಸಾಕು. ಎಂಟು ರಿಯಾಲ್ ನಾಣ್ಯಕ್ಕೆ ಸುಮಾರು 27.4 ಗ್ರಾಂ ತೂಕ, ಸಾವಿರಕ್ಕೆ 931 ಭಾಗ ಶುದ್ಧ ಬೆಳ್ಳಿ ಎಂಬುದು ನಿಯಮ. ಬಿಲ್ಲೆಗಿಂತ ಅಚ್ಚು ದೊಡ್ಡದಿದ್ದುದರಿಂದ ಎಷ್ಟೋ ನಾಣ್ಯಗಳಲ್ಲಿ ಇಸವಿ ಮೂಡಿರುವುದೇ ಇಲ್ಲ. ಮೂಡಿದ್ದರೆ ಅರ್ಧ ಅಂಕಿ. ಮಣ್ಣಿನಿಂದ ಎತ್ತಿದವರು ಗುಜರಿ ಎಂದು ಎಸೆದರೆ ಅಚ್ಚರಿಯೇನಿಲ್ಲ.

ಆದರೂ ಓದಲು ಗೊತ್ತಿದ್ದವರಿಗೆ ಅದರಲ್ಲಿ ಬೇಕಾದಷ್ಟಿದೆ. ಇಂಗ್ಲಿಷಿನ ಎಂ ಅಕ್ಷರ, ಅದರ ಮೇಲೆ ಪುಟ್ಟ ಸೊನ್ನೆ ಇದ್ದರೆ ಅದು ಮೆಕ್ಸಿಕೋ. ಪಿ ಇದ್ದರೆ ಪೊಟೊಸಿ. ಪಕ್ಕದಲ್ಲೇ ಇನ್ನೊಂದು ಅಕ್ಷರ ಇರುತ್ತದೆ. ಅದು ಬೆಳ್ಳಿಯ ಶುದ್ಧತೆ ಪರೀಕ್ಷಿಸಿ ಸೈ ಎಂದ ಅಧಿಕಾರಿಯ ಹೆಸರಿನ ಮೊದಲಕ್ಷರ. ಯಾವ ಪರೀಕ್ಷಕ ಯಾವ ವರ್ಷದಿಂದ ಯಾವ ವರ್ಷದವರೆಗೆ ಕೆಲಸದಲ್ಲಿದ್ದ ಎಂಬುದನ್ನು ಸಂಶೋಧಕರು ದಾಖಲೆಗಳಿಂದ ಪಟ್ಟಿ ಮಾಡಿಟ್ಟಿದ್ದಾರೆ. ಹೀಗಾಗಿ ಇಸವಿ ಅಳಿಸಿಹೋಗಿದ್ದರೂ ಆ ಒಂದಕ್ಷರ ಸಾಕು, ಕೆಲವೇ ವರ್ಷಗಳ ಅಂತರದೊಳಗೆ ನಾಣ್ಯವನ್ನು ಕಟ್ಟಿಹಾಕಬಹುದು.

ಆ ಒಂದಕ್ಷರಕ್ಕೆ ತಲೆಯೇ ಹೋದೀತು

ಪರೀಕ್ಷಕನ ಅಕ್ಷರ ಎಂದರೆ ಬರೀ ಅಲಂಕಾರವಲ್ಲ, ಅದು ಅವನ ಜವಾಬ್ದಾರಿಯ ಸಹಿ. ಇದು ಎಷ್ಟು ಗಂಭೀರ ಎಂಬುದಕ್ಕೆ ಪೊಟೊಸಿಯ ಹಗರಣವೇ ಸಾಕ್ಷಿ. 1640ರ ದಶಕದಲ್ಲಿ ಪೊಟೊಸಿ ಟಂಕಸಾಲೆಯ ನಾಣ್ಯಗಳಲ್ಲಿ ಬೆಳ್ಳಿ ಕಡಿಮೆ, ತಾಮ್ರ ಹೆಚ್ಚು ಎಂಬ ದೂರು ಯುರೋಪಿನ ಪೇಟೆಗಳಿಂದ ಬರತೊಡಗಿತು. ದೊರೆ ನಾಲ್ಕನೇ ಫಿಲಿಪ್ ತನಿಖೆಗೆ ಫ್ರಾನ್ಸಿಸ್ಕೋ ದೆ ನೆಸ್ಟಾರೆಸ್ ಮರೀನ್ ಎಂಬ ಅಧಿಕಾರಿಯನ್ನು ಕಳಿಸಿದ. ಬೆಳ್ಳಿ ವ್ಯಾಪಾರಿ ಫ್ರಾನ್ಸಿಸ್ಕೋ ಗೋಮೆಜ್ ದೆ ಲಾ ರೋಚಾ ಹಾಗೂ ಟಂಕಸಾಲೆಯ ಪರೀಕ್ಷಕ ರಾಮಿರೆಜ್ ದೆ ಅರೆಯಾನೋಗೆ ಮರಣದಂಡನೆಯಾಯಿತು. ಹಳೆಯ ಕಳಪೆ ನಾಣ್ಯಗಳ ಬೆಲೆ ಇಳಿಸಿ, ಅವುಗಳ ಮೇಲೆ ಪುಟ್ಟ ಕಿರೀಟದ ಠಸ್ಸೆ ಒತ್ತಲಾಯಿತು. 1652ರಲ್ಲಿ ಹೊಸ ವಿನ್ಯಾಸ ಬಂತು. ಅದರಲ್ಲಿ ಸಮುದ್ರದ ಅಲೆಗಳು, ಅವುಗಳ ಮೇಲೆ ಎರಡು ಕಂಬ. ಟಂಕಸಾಲೆಯ ಗುರುತು, ಪರೀಕ್ಷಕನ ಅಕ್ಷರ, ಇಸವಿ ಎಲ್ಲವನ್ನೂ ಒಂದಕ್ಕಿಂತ ಹೆಚ್ಚು ಕಡೆ ಒತ್ತತೊಡಗಿದರು. ಒಂದು ಮೂಲೆ ಸವೆದರೂ ಇನ್ನೊಂದರಲ್ಲಿ ಹೊಣೆಗಾರ ಸಿಕ್ಕಿಬೀಳಲಿ ಎಂದು.

ಮಣ್ಣಿನಲ್ಲಿ ಸಿಕ್ಕ ಪೊಟೊಸಿ ನಾಣ್ಯ ಹಗರಣದ ಮುಂಚಿನದೋ ನಂತರದ್ದೋ ಎಂದು ಇಂದಿಗೂ ಮೊದಲ ನೋಟಕ್ಕೆ ಹೇಳುವುದು ಹೀಗೆಯೇ. ಶಿಲುಬೆ, ಲಾಂಛನ ಇದ್ದರೆ ಮುಂಚಿನದು. ಕಂಬ, ಅಲೆ ಇದ್ದರೆ ನಂತರದ್ದು.

ಮೆಕ್ಸಿಕೋದಲ್ಲಿ 1732ರಿಂದ ಯಂತ್ರದ ಅಚ್ಚು ಬಂತು. ಅಲ್ಲಿಂದ ನಾಣ್ಯ ದುಂಡಗಾಯಿತು, ಅಂಚಿಗೆ ಎಲೆಗಳ ಸಾಲು ಬಂತು. ಯಾರಾದರೂ ಅಂಚು ಕೆರೆದು ಬೆಳ್ಳಿ ಕದ್ದರೆ ಈಗ ಗೊತ್ತಾಗುತ್ತಿತ್ತು. 1772ರಿಂದ ದೊರೆಯ ಮುಖವೂ ಬಂತು. ಇಲ್ಲೊಂದು ತಮಾಷೆಯಿದೆ. ಮೂರನೇ ಚಾರ್ಲ್ಸ್ 1788ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಹೊಸ ದೊರೆಯ ಚಿತ್ರವಿರುವ ಅಚ್ಚು ಅಮೆರಿಕ ಮುಟ್ಟಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಹೊಸ ದೊರೆ ನಾಲ್ಕನೇ ಚಾರ್ಲ್ಸ್‌ನ ಹೆಸರು, ಆದರೆ ಸತ್ತ ದೊರೆಯ ಮುಖ! 1789-90ರ ನಾಣ್ಯಗಳಲ್ಲಿ ಇದು ಕಾಣುತ್ತದೆ. ಇದನ್ನು ನೋಡಿ ನಕಲಿ ಎಂದು ತಳ್ಳಿಹಾಕಬಾರದು.

ನಕಲಿಯೋ ಅಸಲಿಯೋ

ನಕಲಿಗಳಿಗೇನೂ ಬರವಿಲ್ಲ. ಆ ಕಾಲದಲ್ಲೇ ಮಾಡಿದ ನಕಲಿಗಳೂ ಇವೆ, ಇಂದು ಪ್ರವಾಸಿಗರಿಗೆ ಮಾರಲು ಎರಕ ಹೊಯ್ದವೂ ಇವೆ. ಮೊದಲ ಪರೀಕ್ಷೆ ತಕ್ಕಡಿಯದು. ಯಂತ್ರದ ಅಚ್ಚಿನ ಕಾಲದ ಎಂಟು ರಿಯಾಲ್ ಸುಮಾರು 27 ಗ್ರಾಂ ತೂಗಬೇಕು. 22 ಗ್ರಾಂ ಇದ್ದರೆ ಅನುಮಾನ ಪಡಬೇಕು. ಎರಡನೆಯದು ಸಾಂದ್ರತೆ. ಶುದ್ಧ ಬೆಳ್ಳಿ ನೀರಿಗಿಂತ ಸುಮಾರು ಹತ್ತೂವರೆ ಪಟ್ಟು ಭಾರ. ತಾಮ್ರ ಬೆರೆತ ಈ ನಾಣ್ಯಗಳು ಅದಕ್ಕಿಂತ ತುಸು ಕಡಿಮೆ. ಹಿತ್ತಾಳೆಗೆ ಬೆಳ್ಳಿ ಲೇಪಿಸಿದ್ದರೆ ಇಲ್ಲೇ ಬಣ್ಣ ಬಯಲಾಗುತ್ತದೆ.

ಈಗ ದೊಡ್ಡ ಚಿನ್ನಾಭರಣ ಅಂಗಡಿಗಳಲ್ಲೂ ಎಕ್ಸ್‌ರೇ ಹಾಯಿಸಿ ಲೋಹ ಗುರುತಿಸುವ ಯಂತ್ರವಿರುತ್ತದೆ. ನಾಣ್ಯವನ್ನು ಕೆರೆಯದೆ ಅದರಲ್ಲಿ ಬೆಳ್ಳಿ ಎಷ್ಟು, ತಾಮ್ರ ಎಷ್ಟು ಎಂದು ಅದು ತೋರಿಸುತ್ತದೆ. ತಜ್ಞರು ಮುಖ್ಯವಾಗಿ ಹುಡುಕುವುದು ಕಲ್ಮಶವನ್ನು! ಹಳೆಯ ಕಾಲದ ಶುದ್ಧೀಕರಣದಲ್ಲಿ ಬೆಳ್ಳಿಯೊಳಗೆ ಚಿನ್ನದ, ಸೀಸದ ಅಂಶ ಚೂರುಪಾರು ಉಳಿದುಹೋಗುತ್ತಿತ್ತು. ಇಂದಿನ ವಿದ್ಯುತ್ ಶುದ್ಧೀಕರಣದ ಬೆಳ್ಳಿಯಲ್ಲಿ ಅದಿರುವುದಿಲ್ಲ. ತೀರಾ ಶುಭ್ರವಾದ ಬೆಳ್ಳಿಯಲ್ಲಿ 1680ರ ನಾಣ್ಯ ಇದ್ದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಆದರೆ ಯಂತ್ರ ನೋಡುವುದು ಮೇಲ್ಮೈಯನ್ನು ಮಾತ್ರ. ನೂರಾರು ವರ್ಷ ಮಣ್ಣಿನಲ್ಲಿದ್ದ ನಾಣ್ಯದ ಮೇಲ್ಪದರದಿಂದ ತಾಮ್ರ ಸೋರಿಹೋಗಿ, ಬೆಳ್ಳಿ ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು. ಯಂತ್ರದ ಪರದೆಯಲ್ಲಿ ಬಂದ ಅಂಕಿಯೇ ವೇದವಾಕ್ಯವಲ್ಲ.

ನಾಣ್ಯದ ಮೈಬಣ್ಣವೂ ಸಾಕ್ಷಿ ಹೇಳುತ್ತದೆ. ಕಪ್ಪು ಪದರ ಗಂಧಕದಿಂದ ಬರುವುದು, ಹಸಿರು ಕಿಲುಬು ತಾಮ್ರದ್ದು. ಉಪ್ಪಿನಂಶದ ಮಣ್ಣಿನಲ್ಲಿ ಬೂದು ಬಣ್ಣದ ಪೊರೆ ಕಟ್ಟುತ್ತದೆ. ಸಮುದ್ರದ ತಳದಲ್ಲಿದ್ದ ನಾಣ್ಯವಾದರೆ ಹುಳ ತಿಂದಂತೆ ತೂತುಬಿದ್ದು, ತೆಳ್ಳಗಾಗಿ, ತೂಕ ಕಳೆದುಕೊಂಡಿರುತ್ತದೆ. "ಹೊಲದಲ್ಲಿ ಸಿಕ್ಕಿತು" ಎಂದು ತಂದ ನಾಣ್ಯ ಕಡಲಿನದೆಂದು ಗೊತ್ತಾಗುವುದು ಹೀಗೆ.

ಬೆಳ್ಳಿ ಯಾವ ಗಣಿಯದು?

ಟಂಕಸಾಲೆಯ ಗುರುತು ಹೇಳುವುದು ಅಚ್ಚಾದ ಊರನ್ನು ಮಾತ್ರ. ಸ್ಪೇನಿನ ಸೆವಿಲ್ಲೆಯಲ್ಲಿ ಅಚ್ಚಾದ ನಾಣ್ಯದ ಬೆಳ್ಳಿ ಎಲ್ಲಿಯದು? ಅದನ್ನು ಹೇಳಬಲ್ಲದ್ದು ಬೆಳ್ಳಿಯೊಳಗೆ ಉಳಿದ ಸೀಸ. ಸೀಸದ ಪರಮಾಣುಗಳಲ್ಲಿ ತೂಕ ಬೇರೆ ಬೇರೆಯಾದ ಬಗೆಗಳಿವೆ, ಅವೇ ಐಸೋಟೋಪ್‌ಗಳು. ಇವುಗಳ ಪ್ರಮಾಣ ಒಂದೊಂದು ಬೆಟ್ಟದ ಅದಿರಿನಲ್ಲಿ ಒಂದೊಂದು ರೀತಿ. ನೂರು ಸಲ ಕರಗಿಸಿದರೂ ಅದು ಬದಲಾಗುವುದಿಲ್ಲ. ಫ್ರಾನ್ಸಿನ ಲಿಯಾನ್ ನಗರದ ವಿಜ್ಞಾನಿಗಳು 2011ರಲ್ಲಿ ಹೀಗೆ ಬೆಳ್ಳಿ, ತಾಮ್ರ, ಸೀಸ ಮೂರರ ಐಸೋಟೋಪ್‌ಗಳನ್ನೂ ಅಳೆದು ಮೆಕ್ಸಿಕೋ, ಪೊಟೊಸಿ, ಯುರೋಪ್ ಈ ಮೂರು ಕಡೆಯ ಬೆಳ್ಳಿಯನ್ನು ಬೇರ್ಪಡಿಸಿ ತೋರಿಸಿದರು. ಸ್ಪೇನಿನಲ್ಲೇ ಅಚ್ಚಾದ ನಾಣ್ಯಗಳಲ್ಲಿ ಮೆಕ್ಸಿಕೋ ಬೆಳ್ಳಿ ಕಾಲಕ್ರಮದಲ್ಲಿ ಮೇಲುಗೈ ಪಡೆದದ್ದು ಕಂಡಿತು. ಅಷ್ಟೊಂದು ಹೆಸರು ಮಾಡಿದ ಪೊಟೊಸಿಯ ಗುರುತು ಅವುಗಳಲ್ಲಿ ಕಡಿಮೆ. ಈ ವಿಧಾನಕ್ಕೂ ಮಿತಿಯಿದೆ. ಎರಡು ಗಣಿಯ ಬೆಳ್ಳಿ ಒಂದೇ ಮೂಸೆಯಲ್ಲಿ ಬೆರೆತರೆ ಸಿಗುವುದು ಎರಡರ ನಡುವಿನ ಉತ್ತರ.

ಚಿನಿವಾರನ ಠಸ್ಸೆ

ಹುಟ್ಟಿದ ಊರಿಗೂ ಹೂತ ಊರಿಗೂ ನಡುವೆ ನಾಣ್ಯ ನಡೆದ ದಾರಿಯೂ ಕೆಲವೊಮ್ಮೆ ಅದರ ಮೈಮೇಲೇ ಬರೆದಿರುತ್ತದೆ. ಕನ್ನಡದ ಪತ್ರಿಕೆಗಳಲ್ಲಿ ಇಂದಿಗೂ "ಚಿನಿವಾರ ಪೇಟೆ" ಎಂಬ ಶೀರ್ಷಿಕೆ ಕಾಣುತ್ತೇವಲ್ಲ, ಆ ಚಿನಿವಾರನ ಕೆಲಸವೇ ನಾಣ್ಯವನ್ನು ಪರೀಕ್ಷಿಸಿ ಬೆಲೆ ಕಟ್ಟುವುದು. ಬೇರೆ ಕಡೆ ಅವನು ಸರಾಫ. ಈ ಸರಾಫ ಎಂಬ ಪದ ಭಾರತದಿಂದ ವ್ಯಾಪಾರಿಗಳ ಬಾಯಲ್ಲಿ ಚೀನಾದ ಕರಾವಳಿಗೂ ಹೋಯಿತು. ಹಾಂಗ್‌ಕಾಂಗ್‌ನ ವಾಹನ ನಿಲುಗಡೆಯಲ್ಲಿ ಹಣ ಕಟ್ಟುವ ಕೌಂಟರಿಗೆ ಇಂದಿಗೂ "ಶ್ರಾಫ್" ಎಂಬ ಫಲಕವಿರುತ್ತದೆ.

ಮೆಕ್ಸಿಕೋದ ಅಕಾಪುಲ್ಕೋ ಬಂದರಿನಿಂದ ಫಿಲಿಪ್ಪೀನ್ಸ್‌ನ ಮನಿಲಾಕ್ಕೆ 1565ರಿಂದ 1815ರವರೆಗೆ ಬೆಳ್ಳಿಯ ಹಡಗುಗಳು ಓಡಾಡಿದವು. ಮನಿಲಾದಿಂದ ಆ ಬೆಳ್ಳಿ ರೇಷ್ಮೆಗೆ, ಪಿಂಗಾಣಿಗೆ ಚೀನಾ ಸೇರಿತು. ಅಲ್ಲಿನ ಚಿನಿವಾರರು ಪ್ರತಿ ನಾಣ್ಯವನ್ನು ಪರೀಕ್ಷಿಸಿ ಚೀನೀ ಅಕ್ಷರದ ಪುಟ್ಟ ಠಸ್ಸೆ ಒತ್ತುತ್ತಿದ್ದರು. ಕೆಲವು ನಾಣ್ಯಗಳಲ್ಲಿ ದೊರೆಯ ಮುಖವೇ ಕಾಣದಷ್ಟು ಠಸ್ಸೆಗಳಿವೆ. ಇಂಥದ್ದು ಅಮೆರಿಕದಲ್ಲಿ ಸಿಕ್ಕರೂ ಚೀನಾ ನೋಡಿ ವಾಪಸು ಬಂದದ್ದೆಂದು ಹೇಳಬಹುದು. ಬೆಳ್ಳಿಯ ಕೊರತೆಯಾದಾಗ ಬ್ಯಾಂಕ್ ಆಫ್ ಇಂಗ್ಲೆಂಡ್ 1797ರಲ್ಲಿ ಸ್ಪೇನ್ ದೊರೆಯ ಕುತ್ತಿಗೆಯ ಮೇಲೆ ತನ್ನ ದೊರೆಯ ಪುಟ್ಟ ತಲೆ ಒತ್ತಿ ಚಲಾವಣೆಗೆ ಬಿಟ್ಟದ್ದೂ ಉಂಟು.

ಚೆನ್ನೈ ಓದುಗರಿಗೆ ಒಂದು ವಿಶೇಷ. 1812ರ ನವೆಂಬರ್‌ನಲ್ಲಿ ಸಮರಾಂಗ್ ಎಂಬ ಹಡಗು ಮದ್ರಾಸಿನಿಂದ ಆಸ್ಟ್ರೇಲಿಯಾದ ಸಿಡ್ನಿಗೆ 40,000 ಸ್ಪ್ಯಾನಿಷ್ ಡಾಲರ್ ಹೊತ್ತು ಹೋಯಿತು. ಅಲ್ಲಿನ ಗವರ್ನರ್ ಮ್ಯಾಕ್ವಾರಿಗೆ ಒಂದೇ ಚಿಂತೆ, ಈ ನಾಣ್ಯ ಮುಂದಿನ ಹಡಗಿನಲ್ಲೇ ಊರು ಬಿಟ್ಟರೆ? ನಕಲಿ ನಾಣ್ಯ ಮಾಡಿ ಶಿಕ್ಷೆಗೊಳಗಾಗಿ ಗಡೀಪಾರಾಗಿದ್ದ ವಿಲಿಯಂ ಹೆನ್‌ಶಾಲ್ ಎಂಬವನನ್ನೇ ಕರೆಸಿ ಪ್ರತಿ ನಾಣ್ಯದ ನಡುವೆ ತೂತು ಹೊಡೆಸಿದ. ಉಂಗುರಕ್ಕೆ ಐದು ಶಿಲ್ಲಿಂಗ್, ನಡುವಿನ ಬಿಲ್ಲೆಗೆ ಹದಿನೈದು ಪೆನ್ಸ್ ಬೆಲೆ. ಸಿಡ್ನಿ ಬಳಿ ಮಣ್ಣಿನಲ್ಲಿ ಅಂಥ ಒಂದು ಉಂಗುರ ಸಿಕ್ಕರೆ ಅದು ಅಮೆರಿಕ ಖಂಡದ ಬೆಳ್ಳಿ, ಮದ್ರಾಸ್ ದಾಟಿ ಬಂದದ್ದು.

ಹಾಗಾದರೆ ನಮ್ಮ ನೆಲದಲ್ಲಿ ಏಕೆ ಅಪರೂಪ?

ಭಾರತಕ್ಕೆ ಬಂದ ಸ್ಪೇನ್ ಬೆಳ್ಳಿ ಕಡಿಮೆಯೇನಲ್ಲ. ಲಿಸ್ಬನ್‌ನಿಂದ ಗೋವಾಕ್ಕೆ ಬರುತ್ತಿದ್ದ ಹಡಗುಗಳಲ್ಲಿ ಮೆಣಸಿನ ಖರೀದಿಗೆಂದೇ ರಿಯಾಲ್ ಪೆಟ್ಟಿಗೆಗಳಿರುತ್ತಿದ್ದವು. 1580ರಿಂದ 1640ರವರೆಗೆ ಸ್ಪೇನ್, ಪೋರ್ಚುಗಲ್ ಎರಡಕ್ಕೂ ಒಬ್ಬನೇ ದೊರೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು "ಕಾಳುಮೆಣಸಿನ ರಾಣಿ" ಎಂದು ಕರೆದದ್ದು ಸುಮ್ಮನೆ ಅಲ್ಲ. ಹೊನ್ನಾವರ, ಬಸರೂರು, ಮಂಗಳೂರು ಬಂದರುಗಳ ಮೆಣಸು, ಅಕ್ಕಿ ಅವರಿಗೆ ಬೇಕೇ ಬೇಕಿತ್ತು. ಉತ್ತರದಲ್ಲಿ ಸೂರತ್ ಬಂದರಿಗೆ ಇಂಗ್ಲಿಷ್, ಡಚ್ ಹಡಗುಗಳೂ ರಿಯಾಲ್ ತರುತ್ತಿದ್ದವು.

ಆದರೆ ಮೊಗಲರ ರಾಜ್ಯದಲ್ಲಿ ಪರದೇಶದ ನಾಣ್ಯ ಹಾಗೆಯೇ ಚಲಾವಣೆಯಾಗುವಂತಿರಲಿಲ್ಲ. ಬಂದ ಬೆಳ್ಳಿ ಟಂಕಸಾಲೆಗೆ ಹೋಗಿ ಕರಗಿ ರೂಪಾಯಿಯಾಗಬೇಕಿತ್ತು. ಒಂದು ಎಂಟು ರಿಯಾಲ್ ನಾಣ್ಯದ ಬೆಳ್ಳಿಯಿಂದ ಎರಡು ರೂಪಾಯಿಗಿಂತ ತುಸು ಹೆಚ್ಚು ಆಗುತ್ತಿತ್ತು. ಸೂರತ್‌ನ ಟಂಕಸಾಲೆಯಲ್ಲಿ ಯಾವ ಯಾವ ರಿಯಾಲ್‌ಗೆ ಎಷ್ಟು ರೂಪಾಯಿ ಕೊಡುತ್ತಿದ್ದರು ಎಂದು ಫ್ರೆಂಚ್ ರತ್ನ ವ್ಯಾಪಾರಿ ತವೆರ್ನಿಯೆ ಲೆಕ್ಕ ಬರೆದಿಟ್ಟಿದ್ದಾನೆ. ಹೀಗಾಗಿ ಚೀನಾದಲ್ಲಿ ಸಿಗುವಂತೆ ಇಲ್ಲಿ ರಿಯಾಲ್‌ಗಳು ಸಿಗುವುದಿಲ್ಲ. ಅಜ್ಜಿಯ ಪೆಟ್ಟಿಗೆಯಲ್ಲಿ ಔರಂಗಜೇಬನ ಕಾಲದ ಸೂರತ್ ರೂಪಾಯಿ ಇದ್ದರೆ, ಅದರ ಬೆಳ್ಳಿ ಪೊಟೊಸಿಯ ಬೆಟ್ಟದಿಂದಲೋ ಮೆಕ್ಸಿಕೋದಿಂದಲೋ ಬಂದಿರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಮತ್ತೆ ನದಿಯ ದಂಡೆಗೆ

ಈಗ ಗ್ರಿಂಡಲ್‌ನ ಗುಂಡಿಗೆ ಮರಳೋಣ. ನಾಣ್ಯಗಳು ಹುಟ್ಟಿದ್ದು ಪೊಟೊಸಿ, ಮೆಕ್ಸಿಕೋ, ಫ್ರಾನ್ಸ್, ಹಾಲೆಂಡ್, ಬಾಸ್ಟನ್ ಎಂದು ಗೊತ್ತಾಯಿತು. ಹೂತವರು ಯಾರು? ಇಲ್ಲಿ ನಿಯಮ ಒಂದೇ. ರಾಶಿಯಲ್ಲಿರುವ ಅತ್ಯಂತ ಹೊಸ ನಾಣ್ಯ ಯಾವ ವರ್ಷದ್ದೋ ಅದಕ್ಕಿಂತ ಮೊದಲು ಹೂತಿರಲು ಸಾಧ್ಯವಿಲ್ಲ. ಆದರೆ ಇಸವಿಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಆ ಪೈನ್ ಮರದ ಶಿಲ್ಲಿಂಗ್‌ಗಳ ಮೇಲೆಲ್ಲ 1652 ಎಂದಿದೆ. ವಾಸ್ತವದಲ್ಲಿ ಬಾಸ್ಟನ್ ಟಂಕಸಾಲೆ ಸುಮಾರು ಮೂವತ್ತು ವರ್ಷ ಅದೇ ಇಸವಿಯನ್ನೇ ಒತ್ತುತ್ತಾ ಬಂದಿತ್ತು. ಅದು ಶುರುವಾಗಲು ಒಂದು ಕಾರಣವೇ ಊರಲ್ಲಿ ಓಡಾಡುತ್ತಿದ್ದ ಕಳಪೆ ರಿಯಾಲ್‌ಗಳು. ಅವನ್ನು ಕರಗಿಸಿಯೇ ಶಿಲ್ಲಿಂಗ್ ಮಾಡುತ್ತಿದ್ದರು. ಅಂದರೆ ಒಂದೇ ಗುಂಡಿಯಲ್ಲಿ ಪೊಟೊಸಿಯ ನಾಣ್ಯವೂ ಇತ್ತು, ರಿಯಾಲ್ ಕರಗಿಸಿ ಮಾಡಿದ ನಾಣ್ಯವೂ ಇತ್ತು!

ನಾಣ್ಯಗಳ ಬೆರಕೆಯೇ ದೊಡ್ಡ ಸುಳಿವು. ಇಂಗ್ಲಿಷ್ ಬಾಸ್ಟನ್ ಜೊತೆಗೂ ಫ್ರೆಂಚರ ಜೊತೆಗೂ ವ್ಯಾಪಾರ ಇಟ್ಟುಕೊಂಡಿದ್ದ ಮನೆಯ ತಿಜೋರಿ ಇದಾಗಿರಬೇಕು. ಹದಿನೇಳನೇ ಶತಮಾನದ ಕೊನೆಯಲ್ಲಿ ಆ ಸೀಮೆಯಲ್ಲಿ ಅಂಥ ಮನೆ ಎಂದರೆ ಜೀನ್ ವಿನ್ಸೆಂಟ್ ದೆ ಸೇಂಟ್ ಕ್ಯಾಸ್ಟೀನ್ ಎಂಬ ಫ್ರೆಂಚ್ ಜಹಗೀರುದಾರನದು. ಅಬೆನಾಕಿ ಬುಡಕಟ್ಟಿನ ನಾಯಕನ ಮಗಳನ್ನು ಮದುವೆಯಾಗಿ ಅಲ್ಲೇ ನೆಲೆಸಿ ತುಪ್ಪುಳಿನ ಚರ್ಮದ ವ್ಯಾಪಾರ ಮಾಡಿದವನು. ಊರಿಗೆ ಹೆಸರು ಬಂದದ್ದೂ ಅವನಿಂದಲೇ. 1701ರಲ್ಲಿ ಅವನು ಫ್ರಾನ್ಸಿಗೆ ಹೋದ. 1704ರಲ್ಲಿ ಬೆಂಜಮಿನ್ ಚರ್ಚ್ ಎಂಬ ಇಂಗ್ಲಿಷ್ ಸೇನಾನಿ ದಾಳಿ ಮಾಡಿ ಅವನ ಮಗಳನ್ನೂ ಮೊಮ್ಮಕ್ಕಳನ್ನೂ ಸೆರೆಹಿಡಿದ. ಆ ಗಡಿಬಿಡಿಯಲ್ಲಿ ನದಿಯ ಮೇಲ್ದಂಡೆಗೆ ಓಡಿದ ಮನೆಯವರು ಹಣ ಹೂತು ಹೋದರು, ಮತ್ತೆ ಅಗೆಯಲು ಬರಲಿಲ್ಲ ಎಂಬುದು ಬಹುಕಾಲದಿಂದ ಒಪ್ಪಿತವಾದ ವಿವರಣೆ.

ಇದು ಊಹೆಯೇ, ಆದರೆ ಬಲವಾದ ಊಹೆ. ಇಡೀ ರಾಶಿ ಒಟ್ಟಿಗೆ ಉಳಿದಿದ್ದರೆ ಇನ್ನೂ ಬಲವಾಗುತ್ತಿತ್ತು. ಸಿಕ್ಕ ನಾಣ್ಯಗಳಲ್ಲಿ ಹೆಚ್ಚಿನವು ಕೈಯಿಂದ ಕೈಗೆ ಹೋಗಿ ಚದುರಿಹೋದವು. ಎಷ್ಟು ಸಿಕ್ಕವು ಎಂಬ ಲೆಕ್ಕದಲ್ಲೇ ಒಬ್ಬರಿಗೊಬ್ಬರಿಗೆ ಹೊಂದಿಕೆಯಿಲ್ಲ. ಚದುರಿದ ಒಂದೊಂದು ನಾಣ್ಯವೂ ಇಂದಿಗೂ ತನ್ನ ಟಂಕಸಾಲೆಯ ಹೆಸರು ಹೇಳುತ್ತದೆ. ಹೂತವನ ಹೆಸರನ್ನು ಹೇಳಬಲ್ಲದ್ದು ಆ ಗುಂಡಿ ಮಾತ್ರವಾಗಿತ್ತು.

ಇಲ್ಲಿ ಸಿಕ್ಕರೆ ಏನು ಮಾಡಬೇಕು

ಪಾಯ ತೆಗೆಯುವಾಗಲೋ ಬಾವಿ ತೋಡುವಾಗಲೋ ಹಳೆಯ ನಾಣ್ಯ ಸಿಕ್ಕರೆ ಮೊದಲು ಮಾಡಬಾರದ್ದು ಹೇಳುತ್ತೇನೆ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬೇಡಿ. ಪೂಜೆಯ ಪಾತ್ರೆಗೆ ಒಪ್ಪುವ ಹೊಳಪು ನಾಣ್ಯಕ್ಕೆ ಶತ್ರು; ಮೇಲಿನ ಪದರ, ಸಣ್ಣ ಠಸ್ಸೆಗಳು ಎಲ್ಲವೂ ಅಳಿಸಿಹೋಗುತ್ತವೆ. ಅಗೆಯುವುದನ್ನು ನಿಲ್ಲಿಸಿ, ಇದ್ದ ಸ್ಥಿತಿಯಲ್ಲೇ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಎಷ್ಟು ಅಡಿ ಆಳ, ಮಡಕೆಯೋ ಬಟ್ಟೆಯ ಗಂಟೋ ಇತ್ತೇ ಎಂದು ಬರೆದಿಡಿ. ಒಡೆದ ಮಡಕೆಯ ಚೂರನ್ನೂ ಎಸೆಯಬೇಡಿ. ಎರಡು ನಾಣ್ಯ ನೆಂಟರಿಗೆ, ಒಂದು ಮೇಸ್ತ್ರಿಗೆ ಎಂದು ಹಂಚಬೇಡಿ.

ಕಾನೂನೂ ಇದೆ. 1878ರ ಭಾರತೀಯ ನಿಧಿ ಕಾಯ್ದೆಯ ಪ್ರಕಾರ ಮಣ್ಣಿನಲ್ಲಿ ಹುದುಗಿದ್ದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೆ ಏನು ಸಿಕ್ಕಿತು, ಎಲ್ಲಿ, ಯಾವ ದಿನ ಎಂದು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ವಾರಸುದಾರರಿಲ್ಲವೆಂದು ತೀರ್ಮಾನವಾಗಿ ಸರ್ಕಾರ ಕೊಂಡುಕೊಂಡರೆ ಲೋಹದ ಬೆಲೆಯ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಡಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಸಿಕ್ಕವನಿಗೆ ಮುಕ್ಕಾಲು ಪಾಲು, ಜಾಗದ ಮಾಲೀಕನಿಗೆ ಕಾಲು ಪಾಲು. ಕರ್ನಾಟಕಕ್ಕೆ ಪ್ರತ್ಯೇಕ ನಿಧಿ ಕಾಯ್ದೆ ಇದೆ, ಬೇರೆ ರಾಜ್ಯಗಳಲ್ಲಿರುವವರು ತಮ್ಮ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯಡಿಯೂ ಬರುತ್ತದೆ, ಅದನ್ನು ದೇಶದಿಂದ ಹೊರಗೆ ಮಾರುವಂತಿಲ್ಲ.